ಬಾಕ್ಸ್ ಮೇಲೆ ಒಂದು ದೋಣಿ, ಒಳಗೆ ಇನ್ನೊಂದು: ಜೇಮ್ಸ್ ಕೇರ್ಡ್ ಮರದ ಕಿಟ್ ಕಟ್ಟಿ ನೋಡಿದ್ದು

ಕಂಪನಿ ಹೆಸರು ಹೇಳಲ್ಲ, ಕೇಳ್ಬೇಡಿ. ಹೊರದೇಶದ್ದು, ಆನ್‌ಲೈನಲ್ಲಿ ತರಿಸಿದ್ದು. ಕಿಟ್‌ಗೆ 6,800 ರೂಪಾಯಿ, ಅದರ ಮೇಲೆ ಕಸ್ಟಮ್ಸ್ ಅಂತ ಕೊರಿಯರ್ ಹುಡುಗ ಬಾಗಿಲಲ್ಲೇ ನಿಂತು ಇನ್ನೂ ಎರಡು ಸಾವಿರದ ಚಿಲ್ಲರೆ ಇಸ್ಕೊಂಡು ಹೋದ. ಮನೇಲಿ ಹೇಳಿರೋದು ಮೊದಲನೇ ಲೆಕ್ಕ ಮಾತ್ರ.

ಏನಪ್ಪಾ ಇದು ಅಂದ್ರೆ ಜೇಮ್ಸ್ ಕೇರ್ಡ್ ಅನ್ನೋ ದೋಣಿಯ ಮರದ ಮಾಡೆಲ್, 1:24 ಸ್ಕೇಲ್. ಅಸಲಿ ದೋಣಿ ಇಪ್ಪತ್ತೆರಡೂವರೆ ಅಡಿ, ಹಾಗಾಗಿ ಮಾಡೆಲ್ ಹನ್ನೊಂದು ಇಂಚಿನ ಮೇಲೆ ಒಂಚೂರು, ಟೀವಿ ಸ್ಟ್ಯಾಂಡಲ್ಲಿ ಸೆಟ್‌ಟಾಪ್ ಬಾಕ್ಸ್ ಪಕ್ಕ ಕೂರೋ ಸೈಜು. 1916ರ ಏಪ್ರಿಲ್ 24ಕ್ಕೆ ಆರು ಜನ ಈ ದೋಣಿ ಹತ್ತಿ ಅಂಟಾರ್ಕ್ಟಿಕಾ ಪಕ್ಕದ ಎಲಿಫೆಂಟ್ ದ್ವೀಪದಿಂದ ಹೊರಟು, 800 ನಾಟಿಕಲ್ ಮೈಲಿ, ಹತ್ರತ್ರ 1,500 ಕಿಲೋಮೀಟರ್ ದಾಟಿ ಸೌತ್ ಜಾರ್ಜಿಯಾ ಅನ್ನೋ ದ್ವೀಪ ಮುಟ್ಟಿದ್ರು. ಅಲ್ಲಿ ಅದು ಚಳಿಗಾಲ ಶುರುವಾಗೋ ಹೊತ್ತು, ಭೂಮಿ ಮೇಲಿನ ಅತಿ ಕೆಟ್ಟ ಸಮುದ್ರ, ಇವರ ಹತ್ರ ಇದ್ದದ್ದು ಇಂಜಿನ್ ಇಲ್ಲದ ಹಾಯಿದೋಣಿ. ಹದಿನಾರು ದಿನ. ಈ ಕಥೆ ನಂಗೆ ಕಾಲೇಜಿನ ಕಾಲದಿಂದ ಹುಚ್ಚು, ಎಲ್ಲೇ ಏನೇ ಸಿಕ್ಕಿದ್ರೂ ಓದ್ತೀನಿ. ಹಾಗಾಗಿ ಬಾಕ್ಸ್ ಮೇಲಿನ ಚಿತ್ರ ನೋಡಿದ ತಕ್ಷಣ ಕೈ ತಾನಾಗೇ ಪೇ ಬಟನ್ ಒತ್ತಿಬಿಡ್ತು. ಚಿತ್ರ ಹೇಗಿತ್ತು ಅಂದ್ರೆ ಮನೆಯಷ್ಟೆತ್ತರದ ಅಲೆ, ಅದರ ಹೊಟ್ಟೆಯಲ್ಲಿ ಈ ದೋಣಿ, ಮೇಲೆ ತೇಪೆ ಹಾಕಿದ ಕ್ಯಾನ್ವಾಸ್ ಹೊದಿಕೆ, ಅದರ ತೂತಿಂದ ಒಂದು ತಲೆ ಇಣುಕ್ತಾ ಇದೆ. ಈ ಚಿತ್ರ ನೆನಪಿಟ್ಕೊಳ್ಳಿ, ಜಗಳ ಇರೋದೇ ಅಲ್ಲಿ.

ಒಳಗೆ ಏನೇನಿತ್ತು: ಲೇಸರ್ ಕಟ್ ಮಾಡಿದ ಪ್ಲೈವುಡ್ ಹಾಳೆ ಎರಡು, ಅದರಿಂದ ಅಡಿಮರ ಮತ್ತು ಪಕ್ಕೆಗಳನ್ನ ಬಿಡಿಸ್ಕೋಬೇಕು. ಮೈ ಹೊದಿಸೋಕೆ ತೆಳ್ಳನೆ ಮರದ ಪಟ್ಟಿ ಒಂದು ಕಟ್ಟು, ಹುಟ್ಟು ನಾಲ್ಕು, ಹಾಯಿ ಕಟ್ಟೋ ಕೂವೆಮರಕ್ಕೆ ಕಡ್ಡಿಗಳು, ಹಾಯಿಗೆ ಬಟ್ಟೆ, ಮೂರು ದಪ್ಪದ ದಾರ, ಹಿತ್ತಾಳೆ ಮೊಳೆ ಒಂದು ಪುಟಾಣಿ ಪ್ಯಾಕೆಟ್, ಸೀಸದ ಗೊಂಬೆ ಆರು. ಮರದ ಕ್ವಾಲಿಟಿ ನಿಜವಾಗಲೂ ಚೆನ್ನಾಗಿದೆ, ಬಾಕ್ಸ್ ತೆಗೆದಾಗ ಹೊಸ ಪೆನ್ಸಿಲ್ ಚೂಪು ಮಾಡಿದ ವಾಸನೆ. ಲೇಸರ್ ಕಟಿಂಗಲ್ಲೂ ತಪ್ಪು ಹುಡುಕೋಕಾಗಲ್ಲ, ಪಕ್ಕೆಗಳು ಅಡಿಮರದ ಕಚ್ಚಿಗೆ ಟಕ್ ಅಂತ ಕೂತವು. ಗೈಡ್ ಮಾತ್ರ ದೇವರಿಗೇ ಪ್ರೀತಿ. ಹನ್ನೆರಡು ಪುಟ, ಫೋಟೋ ಎಲ್ಲಾ ಕಪ್ಪು ಬಿಳುಪು, ಏಳನೇ ಸ್ಟೆಪ್ ಆದಮೇಲೆ ಸೀದಾ ಒಂಬತ್ತು, ಎಂಟು ಎಲ್ಲಿ ಹೋಯ್ತೋ ಗೊತ್ತಿಲ್ಲ.

ಮೊದಲ ಎರಡು ಭಾನುವಾರ ನಾನೊಬ್ನೇ ಕೂತೆ. ಪಟ್ಟಿ ಬಗ್ಗಿಸಕ್ಕೆ ಹೋಗಿ ಮೂರು ಮುರಿದೆ, ಕಿಟ್ಟಲ್ಲಿ ಎಕ್ಸ್ಟ್ರಾ ಕೊಟ್ಟಿರೋದೇ ನಾಲ್ಕು. ಆಗ ಊರಿಂದ ಅಪ್ಪ ಬಂದ್ರು, ಕಣ್ಣಿನ ಚೆಕಪ್ಪಿಗೆ. ಅಪ್ಪ ಹೊನ್ನಾವರದ ಆಚಾರಿ, ನಲವತ್ತು ವರ್ಷ ಬಾಗಿಲು ಕಿಟಕಿ ಮಾಡಿದವರು. ದೋಣಿ ಕಟ್ಟಿದವರಲ್ಲ, ಆದ್ರೆ ಶರಾವತಿ ಹೊಳೇಲಿ ಓಡೋ ದೋಣಿಗಳ ರಿಪೇರಿ ಕೆಲಸ ಬೇಕಾದಷ್ಟು ಮಾಡಿದಾರೆ. ಕಣ್ಣಿಗೆ ಡ್ರಾಪ್ಸ್ ಹಾಕ್ಕೊಂಡು ಸೋಫಾದಲ್ಲಿ ಒರಗಿದ್ದವರು ನಾಲ್ಕನೇ ಪಟ್ಟಿ ಲಟ್ ಅಂದ ಸೌಂಡಿಗೆ ಎದ್ದು ಬಂದ್ರು. "ಒಣಾ ಮರ ಎಂತಕ್ಕೆ ಬಗ್ಗಸ್ತೆ ತಮಾ, ಹಬೆ ಕೊಡು" ಅಂದ್ರು. ಅವತ್ತಿಂದ ನಮ್ಮನೆ ಇಡ್ಲಿ ಪಾತ್ರೆ ದೋಣಿ ಕೆಲಸಕ್ಕೆ ಬಿತ್ತು. ಪಟ್ಟಿನ ಒದ್ದೆ ಬಟ್ಟೇಲಿ ಸುತ್ತಿ ಹತ್ತು ನಿಮಿಷ ಹಬೆಯಲ್ಲಿಟ್ಟು, ಬಿಸಿ ಇರೋವಾಗ್ಲೇ ಪಕ್ಕೆಗಳ ಮೇಲೆ ಕೂರಿಸಿ ಬಟ್ಟೆ ಕ್ಲಿಪ್ಪಲ್ಲಿ ಹಿಡಿಸಿಟ್ರೆ ರಾತ್ರಿ ಕಳೆಯೋದ್ರೊಳಗೆ ಅದೇ ಶೇಪಿಗೆ ಒಣಗಿರತ್ತೆ. ಗೈಡಲ್ಲಿ ಇದರ ಬಗ್ಗೆ ಒಂದಕ್ಷರ ಇಲ್ಲ, ಬಹುಶಃ ಕಾಣೆಯಾದ ಎಂಟನೇ ಸ್ಟೆಪ್ ಅದೇ ಇರ್ಬೇಕು. ಇಡ್ಲಿಗೆ ಒಂದು ವಾರ ಮರದ ವಾಸನೆ, ಆ ವಿಷಯದಲ್ಲಿ ಮನೇಲಿ ನಡೆದ ಮಾತುಕತೆ ಇಲ್ಲಿ ಬೇಡ.

ಕೈ ಕೆಲಸ ಮಾಡ್ತಾ ಇದ್ರೆ ಬಾಯಿ ಸುಮ್ನಿರಲ್ಲ, ಅಪ್ಪನಿಗೆ ಕಥೆ ಹೇಳ್ತಾ ಹೋದೆ. ಎಂಡ್ಯೂರೆನ್ಸ್ ಅಂತ ಒಂದು ಹಡಗು, 1912ರಲ್ಲಿ ನಾರ್ವೆಯಲ್ಲಿ ಕಟ್ಟಿದ್ದು, ಅಂಟಾರ್ಕ್ಟಿಕಾನ ಈ ಕಡೆಯಿಂದ ಆ ಕಡೆಗೆ ನಡ್ಕೊಂಡು ದಾಟ್ತೀನಿ ಅಂತ ಹೊರಟ ಅರ್ನೆಸ್ಟ್ ಶ್ಯಾಕಲ್ಟನ್ ಅದನ್ನ ತಗೊಂಡು ಹೋದದ್ದು. ಒಟ್ಟು 28 ಜನ, ಅದರಲ್ಲಿ ಒಬ್ಬ ಕದ್ದು ಹಡಗು ಹತ್ತಿದ ಹುಡುಗ. 1915ರ ಜನವರಿಯಲ್ಲಿ ವೆಡೆಲ್ ಸಮುದ್ರದ ಮಂಜುಗಡ್ಡೆ ಮಧ್ಯ ಹಡಗು ಸಿಕ್ಕಾಕೊಂಡು, ಹತ್ತು ತಿಂಗಳು ಒತ್ತಿಸ್ಕೊಂಡು ಒತ್ತಿಸ್ಕೊಂಡು, ಅಕ್ಟೋಬರಲ್ಲಿ ಎಲ್ಲರೂ ಇಳಿದ್ರು, ನವೆಂಬರ್ 21ಕ್ಕೆ ಮುಳುಗ್ತು. ಆಮೇಲೆ ತೇಲೋ ಮಂಜಿನ ಮೇಲೇ ಟೆಂಟ್ ಹಾಕ್ಕೊಂಡು ತಿಂಗಳುಗಟ್ಟಲೆ ಇದ್ದು, 1916ರ ಏಪ್ರಿಲಲ್ಲಿ ಮಂಜು ಒಡೆದಾಗ ಮೂರು ದೋಣಿ ಇಳಿಸಿ ಎಲಿಫೆಂಟ್ ದ್ವೀಪ ಸೇರಿದ್ರು. ಅಲ್ಲಿ ನರಪಿಳ್ಳೆ ಇಲ್ಲ, ಯಾವ ಹಡಗೂ ಆ ದಾರಿ ಹಿಡಿಯಲ್ಲ. ಯಾರಾದ್ರೂ ಹೋಗಿ ಜನ ಕರ್ಕೊಂಡು ಬರ್ಬೇಕಿತ್ತು.

"ಹಡಗು ಮುಳುಗಿ ಎಲ್ಲಾ ಹುಳ ತಿಂದಿರ್ತದೆ ಈಗ" ಅಂದ್ರು ಅಪ್ಪ. ಇಲ್ಲ ಅಂತ ಫೋನಲ್ಲಿ ತೋರಿಸಿದೆ, 2022ರ ಮಾರ್ಚಲ್ಲಿ ಸಿಕ್ತಲ್ಲ, 3,008 ಮೀಟರ್ ಆಳದಲ್ಲಿ, ಹಿಂಬದಿಯಲ್ಲಿ ಹೆಸರಿನ ಅಕ್ಷರ ಕೂಡ ಓದೋಹಾಗಿದೆ. ಆ ತಣ್ಣೀರಲ್ಲಿ ಮರ ಕೊರೆಯೋ ಹುಳ ಇಲ್ಲ. ಅಪ್ಪ ವಿಡಿಯೋನ ಮೂರು ಸಲ ನೋಡಿದ್ರು, ನಮ್ಮ ಹೊಳೇಲಿ ಆಗಿದ್ರೆ ಎರಡು ವರ್ಷಕ್ಕೆ ಜರಡಿ ಅಂತ ಹೇಳಿ ಕಣ್ಣಿಗೆ ಡ್ರಾಪ್ಸ್ ಹಾಕ್ಕೊಂಡ್ರು.

ಹೆಸರಿನ ವಿಷಯ ಬಂತಲ್ಲ, ಒಂದು ಅಡ್ಡ ಮಾತು. ಆ ಮೂರು ದೋಣಿಗೂ ದುಡ್ಡು ಕೊಟ್ಟವರ ಹೆಸರು: ಜೇಮ್ಸ್ ಕೇರ್ಡ್, ಡಡ್ಲಿ ಡಾಕರ್, ಸ್ಟ್ಯಾನ್‌ಕೂಂಬ್ ವಿಲ್ಸ್. ನಮ್ಮ ದೇವಸ್ಥಾನದ ಟ್ಯೂಬ್‌ಲೈಟ್ ಮೇಲೆ ದಾನಿಗಳ ಹೆಸರು ಬರೆದಿರ್ತಾರಲ್ಲ, ಬೆಳಕು ಬರೋದಕ್ಕಿಂತ ಹೆಸರೇ ದೊಡ್ಡದಾಗಿ, ಹಾಗೆ. ಕೇರ್ಡ್ ಸಾಹೇಬ್ರು ಸ್ಕಾಟ್ಲೆಂಡಿನ ಡಂಡಿಯವರು, ಸೆಣಬಿನ ಮಿಲ್ ಇಟ್ಟವರು, 24,000 ಪೌಂಡ್ ಕೊಟ್ಟಿದ್ರು. ಡಂಡಿ ಮಿಲ್‌ಗಳಿಗೆ ಸೆಣಬು ಹೋಗ್ತಿದ್ದದ್ದು ಬಂಗಾಳದಿಂದ. ಅಂದ್ರೆ ಒಂದು ಲೆಕ್ಕದಲ್ಲಿ ನಮ್ಮ ಗೋಣಿಚೀಲದ ದುಡ್ಡೂ ಆ ಮಂಜಿಗೆ ಹೋಗಿ ಬಂದಿದೆ. ಕಿಟ್ಟಿನ ದಪ್ಪ ದಾರ ಕೂಡ ಸೆಣಬಿನ ಥರ ನಾರು ನಾರು, ಗಂಟು ಹಾಕಿದ್ರೆ ಮೀಸೆ ಬರತ್ತೆ. ಕಂಪನಿಯವರು ಬೇಕಂತ ಮಾಡಿದ್ರೆ ಶಹಬ್ಬಾಸ್ ಅಂತಿದ್ದೆ, ಆದ್ರೆ ಅಗ್ಗದ ದಾರ ಅಷ್ಟೇ. ಅದನ್ನ ಎಸೆದುಬಿಡಿ, ಹೊಲಿಗೆ ಅಂಗಡಿಲಿ ಮೇಣ ಹಚ್ಚಿದ ದಾರ ಸಿಗತ್ತೆ, ಅದೇ ತಗೊಳ್ಳಿ.

ಮೈ ಹೊದಿಸಿ, ಉಪ್ಪು ಪೇಪರ್ ಉಜ್ಜಿ, ಅಂಚುಪಟ್ಟಿ ಕೂರಿಸಿ, ಒಳಗೆ ಕೂರೋ ಅಡ್ಡಹಲಗೆ ಅಂಟಿಸಿ, ಆರನೇ ಭಾನುವಾರಕ್ಕೆ ಗೈಡ್ ಪ್ರಕಾರ ಮುಗೀತು. ಚೆನ್ನಾಗಿತ್ತು. ಎರಡೂ ತುದಿ ಚೂಪು, ತಿಮಿಂಗಿಲ ಬೇಟೆಗೆ ಬಳಸ್ತಿದ್ರಲ್ಲ ಆ ಜಾತಿ. ಅಪ್ಪ ಅದನ್ನ ಕೈಯಲ್ಲಿ ತಿರುಗಿಸಿ ನೋಡಿ, ಬಾಕ್ಸ್ ಮುಚ್ಚಳ ಎತ್ಕೊಂಡು ಚಿತ್ರ ನೋಡಿ, ಮತ್ತೆ ದೋಣಿ ನೋಡಿ, "ತಮಾ, ಇದ್ರ ಮೇಲಿನ ಬಟ್ಟೆ ಎಲ್ಲಿ?" ಅಂದ್ರು.

ಬಟ್ಟೆ ಇಲ್ಲ. ಬಾಕ್ಸೆಲ್ಲಾ ಜಾಲಾಡಿದ್ವಿ, ಪ್ಲಾಸ್ಟಿಕ್ ಕವರ್ ಕೊಡವಿದ್ವಿ. ಹೊದಿಕೆ ಇಲ್ಲ, ಹೊದಿಕೆಗೆ ಹಂದರ ಇಲ್ಲ, ಎತ್ತರಿಸಿದ ಅಂಚಿಲ್ಲ. ಕಿಟ್ಟಲ್ಲಿ ಇರೋದು 1914ರಲ್ಲಿ ಲಂಡನ್ನಿನ ದೋಣಿ ಕಟ್ಟೋ ಅಂಗಳದಿಂದ ಹೊರಗೆ ಬಂದ ಹೊಸಾ ತೆರೆದ ದೋಣಿ. ಸಮುದ್ರ ದಾಟಿದ ದೋಣಿ ಅದಲ್ಲ. ಆ ದೋಣೀನ ಹಾಗೇ ನೀರಿಗೆ ಬಿಟ್ಟಿದ್ರೆ ಮೊದಲ ರಾತ್ರೀನೇ ಕಥೆ ಮುಗೀತಿತ್ತು. ದಾಟಿದ ದೋಣಿ ಮಾಡಿದ್ದು ಹ್ಯಾರಿ ಮ್ಯಾಕ್‌ನಿಶ್, ಹಡಗಿನ ಬಡಗಿ.

ಇದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಇದು ಗೊತ್ತಿಲ್ದೆ ಈ ಕಿಟ್ ಕಟ್ಟಿದ್ರೆ ಸುಮ್ನೆ ಒಂದು ದೋಣಿ ಕಟ್ಟಿದ ಹಾಗೆ. ಮ್ಯಾಕ್‌ನಿಶ್ ಹತ್ರ ಹೊಸ ಮರ ಇರಲಿಲ್ಲ, ಹೊಸ ಮೊಳೆ ಇರಲಿಲ್ಲ. ಮಂಜಿನ ಮೇಲಿದ್ದಾಗಲೇ ಹಳೇ ಹಲಗೆ ಕಿತ್ತು ದೋಣಿ ಪಕ್ಕ ಎತ್ತರ ಮಾಡಿದ್ದ. ಎಲಿಫೆಂಟ್ ದ್ವೀಪಕ್ಕೆ ಬಂದಮೇಲೆ ಇನ್ನೊಂದು ದೋಣಿಯ ಕೂವೆಮರ ತಂದು ಒಳಗಡೆ ಅಡಿಮರದ ಉದ್ದಕ್ಕೂ ಬಿಗಿದು ಕಟ್ಟಿದ, ದೊಡ್ಡ ಅಲೆ ಮೇಲೆ ದೋಣಿ ಬೆನ್ನು ಮುರೀಬಾರ್ದು ಅಂತ. ಪೆಟ್ಟಿಗೆ ಮುಚ್ಚಳ, ಜಾರುಬಂಡಿಯ ಪಟ್ಟಿ, ಇವನ್ನ ಅಡ್ಡಡ್ಡ ಇಟ್ಟು ಮೇಲೆ ಹಂದರ ಮಾಡಿದ. ಕ್ಯಾನ್ವಾಸ್ ಮರಗಟ್ಟಿ ಹಲಗೆ ಥರ ಆಗಿತ್ತು, ಅದನ್ನ ಒಲೆ ಮೇಲೆ ಕಾಯಿಸಿ ಮೆತ್ತಗೆ ಮಾಡಿ ಹೊಲಿದು ಹಂದರಕ್ಕೆ ಹೊಡೆದ್ರು. ಸಂದು ಮುಚ್ಚೋಕೆ ಏನಿತ್ತು ಹೇಳಿ? ದೀಪದ ಬತ್ತಿ ತುರುಕಿ, ಅದರ ಮೇಲೆ ತಂಡದಲ್ಲಿದ್ದ ಚಿತ್ರಕಾರನ ಆಯಿಲ್ ಪೇಂಟು, ಅದರ ಜೊತೆ ಸೀಲ್ ಪ್ರಾಣಿಯ ರಕ್ತ. ಅಡಿಗೆ ಒಂದು ಟನ್ನಿನಷ್ಟು ಕಲ್ಲು ತುಂಬಿದ್ರು, ಮಗುಚಬಾರ್ದು ಅಂತ.

ಅಪ್ಪ ಇದನ್ನೆಲ್ಲಾ ಕೇಳಿ ಬಹಳ ಹೊತ್ತು ಸುಮ್ನಿದ್ರು. ನಮ್ಮ ಕಡೆ ದೋಣಿ ಮೈಗೆ ಮೀನೆಣ್ಣೆ ಬಳಿಯೋದು ನೋಡಿದವರು, ಆದ್ರೂ ರಕ್ತ ಅಂದಾಗ ಮುಖ ಕಿವುಚಿದ್ರು. ಆಮೇಲೆ ಕೇಳಿದ ಮೊದಲ ಪ್ರಶ್ನೆ: "ಅವಂಗೆ ಉಳಿ ಬಾಚಿ ಎಲ್ಲಾ ಇತ್ತಾ, ಹಡಗಿನ ಸಂಗ್ತಿ ಹೋಗ್ಲಿಲ್ವಾ?" ನಂಗೆ ಇಷ್ಟು ವರ್ಷದಲ್ಲಿ ಆ ಪ್ರಶ್ನೆ ಹೊಳೆದೇ ಇರಲಿಲ್ಲ.

ಕಂಪನಿಗೆ ಮೇಲ್ ಹಾಕಿದೆ. ಚಿತ್ರದಲ್ಲಿ ಹೊದಿಕೆ ಇದೆ, ಡಬ್ಬೀಲಿ ಇಲ್ಲ, ಎಲ್ಲಿ? ನಾಲ್ಕು ದಿನ ಬಿಟ್ಟು ಉತ್ತರ ಬಂತು: ನಮ್ಮ ಮಾಡೆಲ್ 1914ರ ಮೂಲ ವಿನ್ಯಾಸಕ್ಕೆ ನಿಷ್ಠವಾಗಿದೆ, ಬಾಕ್ಸ್ ಮೇಲಿನದು ಕಲಾವಿದರ ಕಲ್ಪನೆ, ನಿಮ್ಮ ಮುಂದಿನ ಖರೀದಿಗೆ 10% ಕೂಪನ್. ಕಲ್ಪನೆ ಅಂತೆ! ಆ ಹೊದಿಕೆ ಕಲ್ಪನೆ ಆಗಿದ್ರೆ ಆ 28 ಜನರ ಮೂಳೆ ಇನ್ನೂ ಅಲ್ಲೇ ಇರ್ತಿತ್ತು ಸ್ವಾಮಿ. ಮದುವೆ ಆಲ್ಬಮ್ಮಿನ ಕವರ್ ಮೇಲೆ ಮಾತ್ರ ಮದುಮಗನ ಫೋಟೋ ಹಾಕಿ, ಒಳಗಡೆ ಪೂರ್ತಿ ಛತ್ರದ ಫೋಟೋ ಕೊಟ್ಟ ಹಾಗಾಯ್ತು ಇದು.

ಇನ್ನು ಸೀಸದ ಗೊಂಬೆ. ಆರೂ ಒಂದೇ ಅಚ್ಚು. ಆರೂ ಜನಕ್ಕೆ ಅದೇ ಗಡ್ಡ, ಅದೇ ಟೋಪಿ, ಅದೇ ಚಾಚಿದ ಬಲಗೈ, ಎಲ್ಲರೂ ಬಸ್ ನಿಲ್ಸೋಕೆ ಕೈ ಅಡ್ಡ ಹಾಕಿದ ಹಾಗೆ. ಗೈಡಲ್ಲಿ "ಕ್ಯಾಪ್ಟನ್ ಶ್ಯಾಕಲ್ಟನ್ ಮತ್ತು ಐವರು" ಅಂತ ಬರೆದಿದಾರೆ, ಇದು ಇನ್ನೊಂದು ತಪ್ಪು. ಶ್ಯಾಕಲ್ಟನ್ ಇಡೀ ತಂಡದ ಯಜಮಾನ, ಬಾಸ್ ಅಂತಲೇ ಕರೀತಿದ್ರು. ಎಂಡ್ಯೂರೆನ್ಸ್ ಹಡಗಿನ ಕ್ಯಾಪ್ಟನ್ ಫ್ರ್ಯಾಂಕ್ ವರ್ಸ್ಲಿ, ನ್ಯೂಜಿಲೆಂಡಿನವನು, ಎಲ್ಲರಿಗೂ ಅವನೇ ಸ್ಕಿಪ್ಪರ್. ದೋಣೀಲಿದ್ದ ಮಿಕ್ಕವರು ಟಾಮ್ ಕ್ರೀನ್, ಟಿಮೊತಿ ಮೆಕಾರ್ಥಿ, ಜಾನ್ ವಿನ್ಸೆಂಟ್, ಮತ್ತೆ ನಮ್ಮ ಬಡಗಿ ಮ್ಯಾಕ್‌ನಿಶ್. ಬಾಸ್ ದೊಡ್ಡವನೇ, ಇಲ್ಲ ಅನ್ನಲ್ಲ, ಯಾರನ್ನ ಜೊತೆಗೆ ಕರ್ಕೊಂಡು ಹೋಗ್ಬೇಕು, ಯಾರನ್ನ ಬಿಟ್ಟು ಹೋದ್ರೆ ಹಿಂದೆ ಉಳಿದವರ ತಲೆ ಕೆಡಿಸ್ತಾರೆ ಅಂತ ಅಳೆದು ತೂಗಿ ಆರಿಸಿದವನು ಅವನು. ಆದ್ರೆ ದಾರಿ ಕಂಡಿದ್ದು ವರ್ಸ್ಲಿ.

ಕಂಡಿದ್ದು ಹೇಗೆ ಅನ್ನೋದು ನಂಗೆ ಈಗ್ಲೂ ಮೈ ಜುಮ್ ಅನ್ಸೋ ವಿಷಯ. ಜಿಪಿಎಸ್ ಬಿಡಿ, ರೇಡಿಯೋನೂ ಇಲ್ಲ. ಕೈಯಲ್ಲಿ ಸೂರ್ಯನ ಎತ್ತರ ಅಳೆಯೋ ಒಂದು ಸೆಕ್ಸ್‌ಟಂಟ್, ಒಂದು ಕ್ರೋನೋಮೀಟರ್ ಗಡಿಯಾರ, ನೆಂದು ಮುದ್ದೆಯಾಗ್ತಿದ್ದ ಲೆಕ್ಕದ ಪುಸ್ತಕ. ಮಧ್ಯಾಹ್ನದ ಸೂರ್ಯ ದಿಗಂತದಿಂದ ಎಷ್ಟು ಮೇಲಿದಾನೆ ಅಂತ ಅಳೆದ್ರೆ ಅಕ್ಷಾಂಶ ಸಿಗತ್ತೆ, ಸೂರ್ಯನ ಅಳತೆ ತಗೊಂಡ ಗಳಿಗೇಲಿ ಗ್ರೀನಿಚ್ ಟೈಮ್ ಎಷ್ಟು ಅಂತ ಗಡಿಯಾರ ನೋಡಿದ್ರೆ ರೇಖಾಂಶ. ಹೇಳೋಕೆ ಸುಲಭ. ಅಲ್ಲಿ ಸೂರ್ಯ ಕಾಣ್ಬೇಕಲ್ಲ ಮೊದಲು! ಹದಿನಾರು ದಿನದಲ್ಲಿ ನಾಲ್ಕೇ ಸಲ ಅಳತೆ ಸಿಕ್ಕಿದ್ದು. ಮೋಡ ಬಿಟ್ಟ ಒಂದು ಕ್ಷಣಕ್ಕೆ ಈ ಮನುಷ್ಯ ಕುಣಿಯೋ ದೋಣೀಲಿ ಒಂದು ಕೈಲಿ ಕೂವೆಮರ ತಬ್ಬಿ ಹಿಡ್ಕೊಂಡು, ಅಲೆಯ ನೆತ್ತಿಗೆ ದೋಣಿ ಏರೋದನ್ನ ಕಾದು, ಹೂಂ ಅಂತ ಕೂಗಬೇಕು, ಒಳಗಿದ್ದವನು ಟೈಮ್ ಬರ್ಕೋಬೇಕು. ಉಳಿದ ದಿನ ಪೂರ್ತಿ ಅಂದಾಜು, ಯಾವ ದಿಕ್ಕು, ಎಷ್ಟು ವೇಗ, ಎಷ್ಟು ಹೊತ್ತು, ಅಷ್ಟರಲ್ಲೇ. 800 ಮೈಲಿ ಹಾದೀಲಿ ಒಂದು ಡಿಗ್ರಿ ಆಚೀಚೆ ಆದ್ರೆ ಕೊನೇಲಿ ಹದಿನಾಲ್ಕು ಮೈಲಿ ತಪ್ಪತ್ತೆ. ತಪ್ಪಿದ್ರೆ ವಾಪಸ್ ಬರೋ ಹಾಗಿಲ್ಲ, ಅಲ್ಲಿ ಗಾಳಿ ಯಾವಾಗ್ಲೂ ಪಡುವಣದಿಂದ ಮೂಡಣಕ್ಕೆ, ಅದರೆದುರು ಹಾಯಿ ಎತ್ತಿ ಬರೋದು ಕನಸು. ಹತ್ತಿರದಲ್ಲಿದ್ದ ದಕ್ಷಿಣ ಅಮೆರಿಕದ ತುದಿ ಬಿಟ್ಟು ದೂರದ ಸೌತ್ ಜಾರ್ಜಿಯಾ ಆರಿಸಿದ್ದೂ ಇದೇ ಗಾಳಿ ನೋಡಿ. ವರ್ಸ್ಲಿ ಕೊನೇಲಿ ನನ್ನ ಲೆಕ್ಕ ಹತ್ತು ಮೈಲಿ ಹೆಚ್ಚುಕಮ್ಮಿ ಇರಬಹುದು ಅಂತ ಒಪ್ಕೊಂಡ, ಹಾಗಾಗಿ ತಿಮಿಂಗಿಲ ಬೇಟೆಯವರ ಕೇಂದ್ರಗಳಿದ್ದ ಆಚೆ ಕರಾವಳಿ ಬಿಟ್ಟು, ಜನ ಇಲ್ಲದಿದ್ರೂ ಪರವಾಗಿಲ್ಲ ಅಂತ ಈಚೆ ಕಡೆಗೇ ನೇರ ಹೋದ್ರು.

ಇಂಥಾ ಮನುಷ್ಯನಿಗೆ ಬಸ್ ನಿಲ್ಲಿಸೋ ಕೈ! ಒಂದು ಗೊಂಬೆಯ ಕೈನ ಅಪ್ಪ ಇಕ್ಕಳದಲ್ಲಿ ಮಡಚಿ ಕಣ್ಣ ಹತ್ರ ತಂದ್ರು, ಹಳೇ ಪೆನ್ನಿನ ಸ್ಪ್ರಿಂಗ್ ತುಂಡು ಅಂಟಿಸಿ ಸೆಕ್ಸ್‌ಟಂಟ್ ಅಂತ ಮಾಡಿದ್ವಿ. ದೂರದಿಂದ ಹಾಗೇ ಕಾಣತ್ತೆ. ಹತ್ತಿರದಿಂದ ನೋಡಿದ್ರೆ ಮೊಬೈಲಲ್ಲಿ ಮಾತಾಡ್ತಿರೋ ಹಾಗಿದೆ.

ಹೊದಿಕೆ ನಾವೇ ಮಾಡೋದು ಅಂತ ತೀರ್ಮಾನ ಆಯ್ತು. ಮೊದಲು ಕಿಟ್ಟಲ್ಲಿ ಉಳಿದ ಹಾಯಿಬಟ್ಟೆ ಹಾಕಿ ನೋಡಿದ್ವಿ, ಅದು ಪಾಲಿಯೆಸ್ಟರು, ಮಡಿಕೆ ನಿಲ್ಲಲ್ಲ, ಅಂಟು ಹಿಡಿಯಲ್ಲ. ಅಪ್ಪ ತಮ್ಮ ಹಳೇ ಪಂಚೆ ಅಂಚು ಬಿಟ್ಟು ಮಧ್ಯದ ತುಂಡು ಹರಿದು ಕೊಟ್ರು. ಟೀ ಡಿಕಾಕ್ಷನ್ನಲ್ಲಿ ಅದ್ದಿ ಬಣ್ಣ ಬರಿಸಿದ್ವಿ. ಹಂದರಕ್ಕೆ ಐಸ್‌ಕ್ರೀಮ್ ಕಡ್ಡಿ ಉದ್ದಕ್ಕೆ ಸೀಳಿ, ಬೆಂಕಿಪೊಟ್ಟಣದ ಕಡ್ಡಿ ಅಡ್ಡಕ್ಕೆ. ನಂಗೆ ಎಲ್ಲಾ ಸಮ ಬರ್ಬೇಕು ಅಂತ ಆಸೆ, ಸ್ಕೇಲ್ ಇಟ್ಟು ಕಟ್ ಮಾಡ್ತಿದ್ದೆ. ಅಪ್ಪ ಬೈದ್ರು. ಕೈ ಮರಗಟ್ಟಿದವ ಸಿಕ್ಕಿದ ಹಲಗೆ ಹೊಡ್ದಿದ್ದು, ಅದು ಸಮ ಇರೂಕೆ ಹೇಗಾಗ್ತದೆ ಅಂತ. ಆಮೇಲೆ ಅವರೇ ಕೂತು ಬೇಕಂತಲೇ ಸೊಟ್ಟಗೆ ಕಡ್ಡಿ ಜೋಡಿಸಿದ್ರು. ನಲವತ್ತು ವರ್ಷ ಮೂಲೆಮಟ್ಟ ಇಟ್ಟು ಕೆಲಸ ಮಾಡಿದ ಮನುಷ್ಯ ಸೊಟ್ಟ ಮಾಡೋಕೆ ಪಟ್ಟ ಕಷ್ಟ ನೋಡ್ಬೇಕಿತ್ತು, ಎರಡು ಕಡ್ಡಿ ಸೊಟ್ಟ ಇಟ್ರೆ ಮೂರನೇದು ತನ್ನಷ್ಟಕ್ಕೇ ನೇರ ಹೋಗಿ ಕೂರ್ತಿತ್ತು. ಬಟ್ಟೆನ ಫೆವಿಕಾಲ್ ನೀರಲ್ಲಿ ಅದ್ದಿ ಮೇಲೆ ಎಳೆದು, ಹಿತ್ತಾಳೆ ಮೊಳೆ ತಲೆ ಕತ್ತರಿಸಿ ಅಂಚಿಗೆ ಅಂಟಿಸಿದ್ವಿ. ಒಣಗಿದಾಗ ಹಂದರದ ಮಧ್ಯೆ ಬಟ್ಟೆ ಸ್ವಲ್ಪ ಕುಸಿದು ಗುಂಡಿ ಗುಂಡಿ ಆಯ್ತು. ತಪ್ಪಾಯ್ತು ಅಂದ್ಕೊಂಡೆ. ಆಮೇಲೆ ನೆನಪಾಯ್ತು, ಅಸಲಿ ದೋಣೀಲೂ ಹಾಗೇ ಆಗಿತ್ತು, ಕುಸಿದ ಜಾಗದಲ್ಲಿ ನೀರು ನಿಂತು ಕೆಳಗೆ ಮಲಗಿದವರ ಮೇಲೆ ಸೋರೋದು.

ಮಲಗೋದು ಅಂದ್ನಲ್ಲ, ಅದೂ ಕಲ್ಲಿನ ಮೂಟೆ ಮೇಲೆ. ಮೂರು ಜನ ಡ್ಯೂಟಿ, ಮೂರು ಜನ ಒಳಗೆ. ಹಿಮಸಾರಂಗದ ತೊಗಲಿನ ಸ್ಲೀಪಿಂಗ್ ಬ್ಯಾಗು ನೆಂದು ಕೂದಲು ಉದುರಿ ಉದುರಿ ಗಂಜಿಯಲ್ಲಿ, ಬಾಯಲ್ಲಿ, ನೀರೆತ್ತೋ ಪಂಪಲ್ಲಿ. ಆ ಪಂಪು ಹಡಗಿನ ದಿಕ್ಸೂಚಿಯ ಸಾಮಾನಿಂದ ಫೋಟೋಗ್ರಾಫರ್ ಹರ್ಲಿ ಮಾಡಿ ಕೊಟ್ಟಿದ್ದು. ಒಂದು ಹಂತದಲ್ಲಿ ಎರಚಿದ ನೀರೆಲ್ಲಾ ಹೊದಿಕೆ ಮೇಲೆ ಹೆಪ್ಪುಗಟ್ಟಿ ದೋಣಿ ಭಾರಕ್ಕೆ ತಗ್ಗತೊಡಗಿತು, ಸರದಿ ಮೇಲೆ ಒಬ್ಬೊಬ್ಬರು ಆ ಜಾರೋ ಮಂಜಿನ ಮೇಲೆ ತೆವಳ್ಕೊಂಡು ಹೋಗಿ ಕೊಡಲಿಯಲ್ಲಿ ಒಡೀಬೇಕಿತ್ತು, ಏಟು ಜೋರಾದ್ರೆ ಕ್ಯಾನ್ವಾಸ್ ಹರೀತದೆ, ಮೆಲ್ಲಗಾದ್ರೆ ಮಂಜು ಬಿಡಲ್ಲ. ಭಾರ ಕಮ್ಮಿ ಮಾಡೋಕೆ ಹೆಚ್ಚುವರಿ ಹುಟ್ಟು ಎಸೆದ್ರು, ಎರಡು ಸ್ಲೀಪಿಂಗ್ ಬ್ಯಾಗ್ ಎಸೆದ್ರು. ಮೇ 5ರ ಮಧ್ಯರಾತ್ರಿ ಚುಕ್ಕಾಣಿ ಹಿಡಿದಿದ್ದ ಶ್ಯಾಕಲ್ಟನ್ನಿಗೆ ಆಕಾಶದಲ್ಲಿ ಬಿಳೀ ಗೆರೆ ಕಾಣ್ತು, ಮೋಡ ಬಿಡ್ತಾ ಇದೆ ಅಂತ ಒಳಗಿದ್ದವರಿಗೆ ಕೂಗಿ ಹೇಳಿದ. ಒಂದು ಕ್ಷಣ ಬಿಟ್ಟು ಗೊತ್ತಾಯ್ತು, ಅದು ಆಕಾಶ ಅಲ್ಲ, ಅಲೆಯ ನೊರೆ. ದೋಣಿ ಅರ್ಧ ತುಂಬಿತು, ಆರೂ ಜನ ಕೈಗೆ ಸಿಕ್ಕಿದ್ದರಲ್ಲಿ ನೀರೆತ್ತಿ ಎಸೆದು ಉಳ್ಕೊಂಡ್ರು. ಬಾಕ್ಸ್ ಮೇಲಿನ ಚಿತ್ರ ಬಹುಶಃ ಅದೇ ರಾತ್ರಿಯದ್ದು.

ಮೇ 8ಕ್ಕೆ ನೆಲ ಕಂಡಿತು, ಆದ್ರೆ ಇಳಿದದ್ದು 10ಕ್ಕೆ. ಮಧ್ಯೆ ಚಂಡಮಾರುತ, ಕುಡಿಯೋ ನೀರಿಲ್ಲ, ಬಂಡೆ ಸಾಲು ಎದುರಿಗೆ. ಕೊನೆಗೆ ಕಿಂಗ್ ಹಾಕನ್ ಕೊಲ್ಲಿಯ ಬಾಯಲ್ಲಿ ಎಷ್ಟು ಕಿರಿದು ಸಂದು ಅಂದ್ರೆ ಹುಟ್ಟು ಒಳಗೆಳ್ಕೊಂಡು ತೂರಿದ್ರು. ಇದನ್ನ ಹೇಳ್ದಾಗ ಅಪ್ಪ ತಲೆ ಅಲ್ಲಾಡಿಸಿದ್ರು. ಹೊನ್ನಾವರದ ಅಳಿವೆ ಗೊತ್ತಿರೋರಿಗೆ ಇದನ್ನ ವಿವರಿಸೋದು ಬೇಡ, ಹೊರಗಡೆ ಸಮುದ್ರ ಎಲ್ಲಾ ತಿರುಗಿ ಬಂದ ಬೋಟು ಮನೆ ಕಾಣೋ ದೂರದಲ್ಲಿ ಅಳಿವೆ ಮರಳಿಗೆ ಸಿಕ್ಕಿ ಮಗುಚಿದ್ದನ್ನ ಅವರು ಕಣ್ಣಾರೆ ನೋಡಿದಾರೆ.

ಅಲ್ಲಿಂದ ಮುಂದಿನದು ಬೇಗ ಹೇಳ್ತೀನಿ, ದೋಣಿ ಅಲ್ಲಿಗೆ ನಿಲ್ಲತ್ತೆ. ಶ್ಯಾಕಲ್ಟನ್, ವರ್ಸ್ಲಿ, ಕ್ರೀನ್ ಮೂರು ಜನ ದ್ವೀಪದ ಹಿಮಬೆಟ್ಟ ನಡೆದು ದಾಟಿ 36 ಗಂಟೆಯಲ್ಲಿ ತಿಮಿಂಗಿಲ ಬೇಟೆಯವರ ಕೇಂದ್ರವಾದ ಸ್ಟ್ರಾಮ್‌ನೆಸ್ ಸೇರಿದ್ರು, ಮೂರು ಸಲ ಬೇರೆ ಬೇರೆ ಹಡಗಲ್ಲಿ ಹೋಗಿ ಮಂಜು ಬಿಡದೆ ವಾಪಸ್ ಬಂದು, ನಾಲ್ಕನೇ ಸಲ ಚಿಲಿ ದೇಶದ ಯೆಲ್ಚೊ ಅನ್ನೋ ಹಡಗಲ್ಲಿ 1916ರ ಆಗಸ್ಟ್ 30ಕ್ಕೆ ಎಲಿಫೆಂಟ್ ದ್ವೀಪದಲ್ಲಿದ್ದ 22 ಜನರನ್ನೂ ಜೀವಂತ ಕರ್ಕೊಂಡು ಬಂದ್ರು. ಬೆಟ್ಟ ಹತ್ತೋಕೆ ಬೂಟು ಜಾರಬಾರ್ದು ಅಂತ ಮ್ಯಾಕ್‌ನಿಶ್ ಇದೇ ದೋಣಿಯ ಸ್ಕ್ರೂ ಬಿಚ್ಚಿ ಅಟ್ಟೆಗೆ ಹಾಕಿಕೊಟ್ಟಿದ್ದ. ಹಿಮ ಕಡಿಯೋಕೆ ಒಯ್ದಿದ್ದು ಅವನದೇ ಬಾಚಿ. ಹಾಗಾಗಿ ಅಪ್ಪ ಕೇಳಿದ ಪ್ರಶ್ನೆಗೆ ಉತ್ತರ ಅಲ್ಲಿತ್ತು, ಬಾಚಿ ಹಡಗಿನ ಜೊತೆ ಹೋಗಿರಲಿಲ್ಲ.

ಆಮೇಲೆ ಧ್ರುವಯಾನದ ಪದಕ ಹಂಚಿದ್ರಲ್ಲ, ಮ್ಯಾಕ್‌ನಿಶ್‌ಗೆ ಕೊಡಲಿಲ್ಲ. ಮಂಜಿನ ಮೇಲಿದ್ದಾಗ ಒಂದಿನ ಹಡಗೇ ಮುಳುಗಿದ ಮೇಲೆ ನಿನ್ನ ಮಾತು ಯಾಕೆ ಕೇಳ್ಬೇಕು ಅಂತ ಬಾಸಿಗೆ ಎದುರು ಮಾತಾಡಿದ್ದ. ಅವನ ಬೆಕ್ಕನ್ನ, ಮಿಸೆಸ್ ಚಿಪ್ಪಿ ಅಂತ ಹೆಸರು, ಗಂಡು ಬೆಕ್ಕೇ, ಸಾಗಿಸೋಕಾಗಲ್ಲ ಅಂತ ಗುಂಡಿಕ್ಕಿ ಕೊಂದಿದ್ರು, ಅದನ್ನ ಅವನು ಕೊನೇವರೆಗೂ ಮರೀಲಿಲ್ಲ ಅಂತಾರೆ. 1930ರಲ್ಲಿ ವೆಲ್ಲಿಂಗ್ಟನ್ನಲ್ಲಿ ತೀರ್ಕೊಂಡ, ಬಡತನದಲ್ಲಿ. 2004ರಲ್ಲಿ ಅವನ ಸಮಾಧಿ ಮೇಲೆ ಕಂಚಿನ ಬೆಕ್ಕು ಕೂರಿಸಿದಾರೆ. ಪದಕ ಕೊಡದ ವಿಷಯಕ್ಕೆ ಅಪ್ಪ ಏನೂ ಹೇಳ್ಲಿಲ್ಲ. ಬೆಕ್ಕಿನ ವಿಷಯಕ್ಕೆ ಮಾತ್ರ "ಥೋ" ಅಂದ್ರು.

ಸರಿ, ತಗೋಬೇಕಾ ಬೇಡ್ವಾ? ಮರ, ಕಟಿಂಗ್, ದೋಣಿ ಮೈಯ ಶೇಪ್, ಇಷ್ಟಕ್ಕೆ ಕೊಟ್ಟ ದುಡ್ಡು ಮೋಸ ಇಲ್ಲ. ಗೈಡ್, ದಾರ, ಗೊಂಬೆ ಮೂರೂ ಕಸ. ಬಾಕ್ಸ್ ಚಿತ್ರಕ್ಕೂ ಒಳಗಿನ ಸಾಮಾನಿಗೂ ಸಂಬಂಧ ಇಲ್ದೇ ಇರೋದು ನನ್ನ ಲೆಕ್ಕದಲ್ಲಿ ಸುಳ್ಳು ಹೇಳಿ ಮಾರೋದೇ, ಅದಕ್ಕೆ ಐದಕ್ಕೆ ಎರಡೂವರೆ. ಹೊಸಬರು ಇದರಲ್ಲಿ ಕೈ ಕಲಿಯೋಕೆ ಹೋಗ್ಬೇಡಿ, ಪಟ್ಟಿ ಮುರಿದು ಬೇಜಾರಾಗತ್ತೆ, ಮಕ್ಕಳಿಗಂತೂ ಬೇಡವೇ ಬೇಡ, ಬ್ಲೇಡ್ ಕೆಲಸ ಜಾಸ್ತಿ. ಅಸಲಿ ದೋಣಿ ಲಂಡನ್ನಲ್ಲಿ ಶ್ಯಾಕಲ್ಟನ್ ಓದಿದ ಡಲಿಚ್ ಕಾಲೇಜಲ್ಲಿ ಇಟ್ಟಿದಾರೆ, ಆ ಕಡೆ ಇರೋ ನಮ್ಮವರು ಯಾರಾದ್ರೂ ಹೋದ್ರೆ ಅಂಚಿನ ಹಲಗೆಯ ಜೋಡಣೆ ಹತ್ತಿರದಿಂದ ಒಂದು ಫೋಟೋ ತೆಗೆದು ಕಳಿಸಿ, ಅಪ್ಪನಿಗೆ ಒಂದು ಜಾಗದಲ್ಲಿ ಡೌಟಿದೆ.

ಕಟ್ಟಲೇಬೇಕು ಅಂತಿರೋರಿಗೆ: ಪಟ್ಟಿಗೆ ಹಬೆ ಕೊಡಿ, ಫೆವಿಕ್ವಿಕ್ ಬಳಸ್ಬೇಡಿ, ಬಿಳೀ ಕಲೆ ಉಳಿಯತ್ತೆ. ಹೊದಿಕೆಗೆ ಹಳೇ ಪಂಚೆನೇ ಸರಿ, ಆದ್ರೆ ಮೊದಲು ಒಗೆದು ಗಂಜಿ ತೆಗೀರಿ, ಇಲ್ಲಾಂದ್ರೆ ಟೀ ಬಣ್ಣ ಹಿಡಿಯಲ್ಲ. ಇಡ್ಲಿ ಪಾತ್ರೆ ಬೇರೆ ಒಂದು ತಗೊಂಡುಬಿಡಿ.